ಕ್ಯಾಸೆಟಿಗೆ ಒಂದು ಅಗುಳು ಸಾಲದು

ಮೊನ್ನೆ ಮಧ್ಯಾಹ್ನ ಊಟವಾದ ಮೇಲೆ ನೆಲದಲ್ಲಿ ಕುಳಿತು ದೇವರ ಪಟಕ್ಕೆ ಮಲ್ಲಿಗೆ ಕಟ್ಟುತ್ತಿದ್ದೆ. ಮೇಜಿನ ಕಡೆಯಿಂದ ಟಿಕ್ ಟಿಕ್ ಎಂದು ಕೇಳಿತು. ಹಲ್ಲಿ ನುಡಿಯಿತು ಎಂದುಕೊಂಡು, ಅಭ್ಯಾಸಬಲದಿಂದ ನೆಲಕ್ಕೆ ಬೆರಳು ಬಡಿದು "ಸತ್ಯ, ಸತ್ಯ" ಎಂದೆ. ಕಂಪ್ಯೂಟರಿನ ಎದುರಿದ್ದ ಸ್ವಾತಿ ತಿರುಗಿ ನೋಡಿ ನಕ್ಕಳು.

"ಅಜ್ಜಿ, ಅದು ಹಲ್ಲಿ ಅಲ್ಲ, ಅಜ್ಜನ ಡಿಸ್ಕ್. ಸಾಯ್ಲಿಕ್ಕೆ ಹೊರಟಿದೆ."

"ಸಾಯುವವರು ಸುಳ್ಳು ಹೇಳುವುದಿಲ್ಲ ಬಿಡು" ಎಂದು ನಾನು ಮರ್ಯಾದೆ ಉಳಿಸಿಕೊಂಡೆ.

ಮಸ್ಕತ್ತಿನಲ್ಲಿರುವ ಮಕ್ಕಳೇ, ಇದನ್ನು ನಿಮಗಾಗಿ ಬರೆಯುತ್ತಿದ್ದೇನೆ. ಓದಲು ಕಷ್ಟವಾದರೆ ಅಪ್ಪನಿಂದ ಓದಿಸಿ. ಮನೆಯಲ್ಲಿ ನಾವು ಆಡುವುದು ತುಳು. ಆದರೆ ಊರಿನ ಶಾಲೆಯಲ್ಲಿ ಮೇಷ್ಟ್ರು ನನಗೆ ಬರೆಯಲು ಕಲಿಸಿದ್ದು ಕನ್ನಡ. ಹಾಗಾಗಿ ಕಾಗದದ ಮೇಲೆ ನಾನು ಸ್ವಲ್ಪ ಬೇರೆಯವಳಂತೆ ಕೇಳಬಹುದು. ಎದುರಿಗೆ ಮಾತಾಡುವುದಕ್ಕಿಂತ ನನಗೆ ಇದೇ ಸುಲಭ.

ನಿಮ್ಮ ಅಜ್ಜನನ್ನು ನೀವು ನೋಡಿಲ್ಲ. ಹಂಪನಕಟ್ಟೆಯ ಒಂದು ಹಳೆಯ ಕಟ್ಟಡದ ಮಾಳಿಗೆಯಲ್ಲಿ ಅವರ ವಿಡಿಯೋ ಸ್ಟುಡಿಯೋ ಇತ್ತು. ಮದುವೆ, ಗೃಹಪ್ರವೇಶ, ಸೀಮಂತ, ಕರೆದಲ್ಲಿಗೆಲ್ಲ ಕ್ಯಾಮೆರಾ ಹೊತ್ತು ಹೋಗುತ್ತಿದ್ದರು. ಮದುವೆ ಮುಗಿದರೆ ಮೂಲ ಕ್ಯಾಸೆಟಿನಿಂದ ಹುಡುಗಿಯ ಮನೆಗೊಂದು, ಹುಡುಗನ ಮನೆಗೊಂದು, ಗಲ್ಫಿನಲ್ಲಿರುವ ಅಣ್ಣನಿಗೊಂದು ಎಂದು ಕಾಪಿ ಮಾಡಬೇಕು. ಕಾಪಿ ಮಾಡುವಾಗ ಕೆಲವೊಮ್ಮೆ ಚಿತ್ರ ಕುಣಿಯುತ್ತಿತ್ತು, ನಾಗಸ್ವರ ಶೀತವಾದ ಗಂಟಲಿನಂತಾಗುತ್ತಿತ್ತು. ಬೇರೆ ಸ್ಟುಡಿಯೋದವರು ಮೊದಲು ಸ್ವಲ್ಪ, ಕೊನೆಗೆ ಸ್ವಲ್ಪ ಓಡಿಸಿ ನೋಡಿ ಕೊಟ್ಟುಬಿಡುತ್ತಿದ್ದರು. ಇವರು ಹಾಗಲ್ಲ. "ಅನ್ನ ಬೆಂದಿತೋ ಅಂತ ನೋಡ್ಲಿಕ್ಕೆ ಒಂದು ಅಗುಳು ಸಾಕು. ಕ್ಯಾಸೆಟಿಗೆ ಸಾಲದು" ಎನ್ನುತ್ತಿದ್ದರು.

ಪೂರ್ತಿ ನೋಡುವವರು ಯಾರು? ನಾನು. ಉರ್ವದ ಈ ಮನೆಯಲ್ಲಿ ಎಲೆ, ಹೊಗೆಸೊಪ್ಪು ತುಂಬಿದ ಗೆರಸೆಯನ್ನು ತೊಡೆಯ ಮೇಲಿಟ್ಟುಕೊಂಡು ನಾನು ದಿನವಿಡೀ ಬೀಡಿ ಕಟ್ಟುತ್ತಿದ್ದೆ. ಕೈಗೆ ಕೆಲಸ ಉಂಟು, ಕಿವಿ ಖಾಲಿ ಉಂಟು ಎಂದು ಅವರ ಲೆಕ್ಕಾಚಾರ. ಮೂಲವನ್ನು ಒಮ್ಮೆ ಹಾಕುತ್ತಿದ್ದರು, ಆಮೇಲೆ ಕಾಪಿ. ಎಲೆ ಸುರುಳಿ ಸುತ್ತುವಾಗ ಕಣ್ಣು ಎತ್ತಿದರೆ ಬೀಡಿ ಸಡಿಲವಾಗುತ್ತದೆ. ಆದ್ದರಿಂದ ನಾನು ಮದುವೆಗಳನ್ನು ನೋಡಿದ್ದಕ್ಕಿಂತ ಕೇಳಿದ್ದೇ ಹೆಚ್ಚು. ಎಲ್ಲಿ ಮಂತ್ರ ನಿಲ್ಲುತ್ತದೆ, ಎಲ್ಲಿ ಮುದುಕರೊಬ್ಬರು ಕೆಮ್ಮುತ್ತಾರೆ, ಎಲ್ಲಿ ಮಗುವೊಂದು ಐಸ್‌ಕ್ರೀಮಿಗೆ ಹಟ ಹಿಡಿಯುತ್ತದೆ, ಎಲ್ಲ ನನಗೆ ಬಾಯಿಪಾಠ. ಕಾಪಿಯಲ್ಲಿ ಆ ಕೆಮ್ಮು ತೊದಲಿದರೆ ಮಾತ್ರ ತಲೆ ಎತ್ತಿ "ಇಲ್ಲಿ" ಎನ್ನುತ್ತಿದ್ದೆ.

ಇದರಿಂದ ಒಂದು ಪೇಚೂ ಆಗಿತ್ತು. ಒಮ್ಮೆ ಸಿಟಿ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ಹೆಂಗಸಿನ ದನಿ ಕೇಳಿ ಪರಿಚಿತಳೆಂದು ನಕ್ಕೆ. ಅಪರಿಚಿತರ ಜೊತೆ ಬಾಯಿ ಬಿಡದ ನಾನು ಧೈರ್ಯ ಮಾಡಿ, "ನಿಮ್ಮ ಮಾವನ ಕೆಮ್ಮು ಹೇಗುಂಟು?" ಎಂದೂ ಕೇಳಿದೆ. ಅವಳು ಚೀಲ ಮಡಿಲಿಗೆ ಎಳೆದುಕೊಂಡು, "ನಿಮಗೆ ಯಾರು ಹೇಳಿದ್ದು?" ಎಂದಳು. ನಾನು ನನ್ನ ಸ್ಟಾಪಿಗೆ ಮೊದಲೇ ಇಳಿದು ನಡೆದುಕೊಂಡು ಬಂದೆ.

ಆಮೇಲೆ ಎಲ್ಲರ ಕೈಗೂ ಫೋನು ಬಂತು, ಸ್ಟುಡಿಯೋ ಮುಚ್ಚಿತು. ಮುಚ್ಚುವ ಮೊದಲು ಅವರು ನಮ್ಮ ಮನೆಯ ಕ್ಯಾಸೆಟ್‌ಗಳನ್ನೆಲ್ಲ ಒಂದು ಡಿಸ್ಕಿಗೆ ಹಾಕಿಟ್ಟರು. ಕ್ಯಾಸೆಟ್‌ಗಳಿಗೆ ಬೂಸ್ಟು ಹಿಡಿದು ಎಸೆಯಬೇಕಾಯಿತು. ಡಿಸ್ಕು ಉಳಿಯಿತು. ನಿಮ್ಮ ಅತ್ತೆ ಸುಮತಿಯ ಮದುವೆ ಅದರಲ್ಲಿಯೇ ಇರುವುದು. ಅವಳ ಮಗಳು ಸ್ವಾತಿ ಈಗ ಸುರತ್ಕಲ್ಲಿಗೆ ಹೋಗಿ ಇಂಜಿನಿಯರಿಂಗ್ ಓದುತ್ತಿದ್ದಾಳೆ. ಹಳೆಯ ಡಿಸ್ಕು ಟಿಕ್ ಟಿಕ್ ಎನ್ನತೊಡಗಿದ್ದಕ್ಕೆ ಹೊಸದೊಂದು ತಂದು ಎಲ್ಲವನ್ನೂ ಅದಕ್ಕೆ ಕಾಪಿ ಮಾಡಿದಳು.

"ಆಯ್ತಾ?" ಎಂದೆ.

"ಕಾಪಿ ಆಯ್ತು. ಸರಿಯಾಗಿದೆಯಾ ಅಂತ ಈಗ ಚೆಕ್ ಮಾಡ್ಲಿಕ್ಕುಂಟು."

ನಾನು ಮಲ್ಲಿಗೆ ಬದಿಗಿಟ್ಟೆ. "ಪೂರ್ತಿ ನೋಡ್ತೀಯಾ?"

"ನಾನಲ್ಲ, ಕಂಪ್ಯೂಟರ್ ಓದ್ತದೆ. ಒಂದೊಂದು ಫೈಲನ್ನೂ ಮೊದಲಿನಿಂದ ಕೊನೆವರೆಗೆ ಓದಿ ಅದಕ್ಕೊಂದು ಗುರುತು ಕೊಡ್ತದೆ. ಹಳೇ ಡಿಸ್ಕಿನದ್ದಕ್ಕೊಂದು, ಹೊಸತರದ್ದಕ್ಕೊಂದು. ಎರಡು ಗುರುತೂ ಒಂದೇ ಆದ್ರೆ ಫೈಲ್ ಒಂದೇ. ಒಳಗೆ ಒಂದು ಚುಕ್ಕೆ ಆಚೀಚೆ ಆದ್ರೂ ಗುರುತೇ ಬೇರೆ ಬರ್ತದೆ."

ಬೀಡಿ ಕಟ್ಟದೆಯೂ ಪೂರ್ತಿ ಕೇಳಿಸಿಕೊಳ್ಳುವವರು ಬಂದಿದ್ದಾರೆ ಎಂದು ನನಗೆ ಸಮಾಧಾನವಾಯಿತು. ಪರದೆಯ ಮೇಲೆ ಅಂಕಿ ಅಕ್ಷರ ಕಲೆಸಿದ ಸಾಲುಗಳು ಇಳಿಯುತ್ತಾ ಬಂದವು. ಸ್ವಾತಿ "ಸರಿ, ಸರಿ" ಎನ್ನುತ್ತಿದ್ದಳು. ಕೊನೆಯ ಹೊತ್ತಿಗೆ ಪರದೆಯ ಹತ್ತಿರಕ್ಕೆ ಬಾಗಿದಳು.

"ಒಂದು ಮ್ಯಾಚ್ ಆಗುವುದಿಲ್ಲ. ಅಮ್ಮನ ಮದುವೆಯದ್ದು."

ಹೊಸ ಡಿಸ್ಕಿನಿಂದ ಅದನ್ನು ಓಡಿಸಿ ನೋಡಿದಳು. ಗಣಪತಿ ಕಂಡ, ಮಂಟಪ ಕಂಡಿತು, ಮದುಮಗಳೂ ಬಂದಳು. ಅಗುಳು ಬೆಂದಿತ್ತು. ಆದರೆ ಗುರುತು ಬೇರೆ. ಹಳೆಯ ಡಿಸ್ಕನ್ನು ಮುಟ್ಟಿ ನೋಡಿ, "ಬಿಸಿ ಉಂಟು. ಇನ್ನೊಮ್ಮೆ ಓದಿಸಿದ್ರೆ ಪೂರ್ತಿ ಹೋದ್ರೂ ಹೋಯ್ತು" ಎಂದಳು.

ಅಡಿಗೆ ಕೋಣೆಯಿಂದ ಕೈ ಒರೆಸುತ್ತ ಸುಮತಿ ಬಂದಳು. "ಹೋಗ್ಲಿ ಬಿಡು ಮಾರಾಯ್ತಿ. ಮಾವನ ಮನೆಯಲ್ಲಿ ಕಾಪಿ ಉಂಟಲ್ಲ, ಅದನ್ನೇ ತಂದ್ರಾಯ್ತು. ಮದುವೆ ಆದವಳು ನಾನು, ನನಗೇ ಇಲ್ಲದ ಚಿಂತೆ ನಿನಗೆ ಯಾಕೆ?"

ಮಾವ ಎಂದರೆ ನನ್ನ ತಮ್ಮ. ಸ್ವಾತಿ ಡಿಸ್ಕಿನ ವಯರು ಬಿಚ್ಚಲು ಕೈ ಹಾಕಿದಳು.

ಇಲ್ಲಿ ನಿಮಗೆ ಒಂದು ವಿಷಯ ಹೇಳಬೇಕು. ನಿಮ್ಮ ಅಜ್ಜ ಚಿತ್ರ ತೆಗೆಯುವಾಗ ಮಾತಾಡುತ್ತಿರಲಿಲ್ಲ. ಆಡಿದರೆ ಕ್ಯಾಸೆಟಿಗೆ ಹೋಗುತ್ತದೆಂದು ಎಲ್ಲ ಕೈಸನ್ನೆಯಲ್ಲಿಯೇ. ಮಗಳ ಮದುವೆಯಲ್ಲೂ ಕ್ಯಾಮೆರಾವನ್ನು ಇನ್ನೊಬ್ಬರ ಕೈಗೆ ಕೊಡಲಿಲ್ಲ. ಧಾರೆಯ ಹೊತ್ತಿಗೆ ಮಾತ್ರ ಅದನ್ನು ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಮಗಳು ಸರಿಯಾಗಿ ಕಾಣುವಂತೆ ಹೊಂದಿಸಿ, ತಾವು ಕ್ಯಾಮೆರಾಕ್ಕೆ ಬೆನ್ನು ಹಾಕಿ ನಿಂತರು. ಊರಿಡೀ ಮದುವೆ ತೆಗೆದವರ ಚಿತ್ರವೆಂದು ನಮ್ಮಲ್ಲಿರುವುದು ಒಂದು ಬೆನ್ನು. ಆದರೆ ಊಟಕ್ಕೆ ಮೊದಲು, ನಾನು ಬಾಗಿಲ ಬಳಿ ನಿಂತಿದ್ದಾಗ, ಒಂದೇ ಒಂದು ಸಲ ಬಾಯಿ ಬಿಟ್ಟರು. "ಒಂತೆ ಇಂಚಿ ತೂಲ ಮಾರಾಯ್ತಿ." ಸ್ವಲ್ಪ ಈ ಕಡೆ ನೋಡು ಎಂದು.

ನಾನು ನೋಡಲಿಲ್ಲ. ಅಷ್ಟು ಜನರ ಎದುರಿಗೆ ಹೇಗೆ ನೋಡುವುದು? ಮುಖ ಗೋಡೆಗೆ ತಿರುಗಿಸಿದೆ. ಆಮೇಲೆ ನೆಂಟರಿಗೆ ಕಾಪಿ ಮಾಡುವಾಗ, "ನನ್ನದನ್ನು ತೆಗೀರಿ, ನಾದಿನಿಯರು ಮನೆ ಮನೆಗೆ ಹೇಳಿ ನಗ್ತಾರೆ" ಎಂದೆ. ಅವರು ವಾದ ಮಾಡಲಿಲ್ಲ. ಹೊರಗೆ ಹೋದ ಎಲ್ಲ ಕಾಪಿಗಳಿಂದಲೂ ಅಷ್ಟನ್ನು ತೆಗೆದರು. ಮೂಲದಲ್ಲಿ ಮಾತ್ರ ಬಿಟ್ಟರು. ತಮ್ಮನ ಮನೆಯದ್ದರಲ್ಲಿ ನಾನೂ ಇಲ್ಲ, ಆ ಮಾತೂ ಇಲ್ಲ. ಇದು ಸುಮತಿಗೆ ಗೊತ್ತಿರಲಿಲ್ಲ. ಬೀಡಿ ಕಟ್ಟುತ್ತ ಮೂಲವನ್ನೂ ಆ ಕಾಪಿಗಳನ್ನೂ ಕೇಳಿದವಳು ನಾನೊಬ್ಬಳೇ.

"ಅಲ್ಲಿರುವುದೂ ಇದೂ ಒಂದೇ ಅಲ್ಲ" ಎಂದೆ.

"ಎಂತ ವ್ಯತ್ಯಾಸ ಅಮ್ಮ? ಹುಡುಗ ಬೇರೆಯಾ?" ಎಂದು ಸುಮತಿ ನಕ್ಕಳು.

ಹೂವಿನ ಬುಟ್ಟಿ ನೋಡುತ್ತಲೇ ಹೇಳಿದೆ. ಹೇಳಿ ಮುಗಿಸುವ ಹೊತ್ತಿಗೆ ನನ್ನ ಕಿವಿ ಬಿಸಿಯಾಗಿತ್ತು. ಸುಮತಿ ನಗು ನಿಲ್ಲಿಸಿ ನನ್ನ ಪಕ್ಕದಲ್ಲಿ ಕುಳಿತಳು. ಸ್ವಾತಿ ಡಿಸ್ಕನ್ನು ಬಿಚ್ಚಿ, ಫ್ಯಾನಿನ ಕೆಳಗೆ ತಂದಿಟ್ಟು, "ತಣಿಯಲಿ. ಆಮೇಲೆ ಅದೊಂದನ್ನೇ ಓದಿಸ್ತೇನೆ" ಎಂದಳು.

ಚಹಾ ಆಯಿತು. ಮತ್ತೆ ಸಿಕ್ಕಿಸಿದಳು. ನಾನು ಮಲ್ಲಿಗೆ ಕಟ್ಟುತ್ತ ಕಿವಿ ಕೊಟ್ಟಿದ್ದೆ. ನಡುವಿನಲ್ಲಿ ಟಿಕ್ ಟಿಕ್ ಬಂತು. ಸ್ವಲ್ಪದರಲ್ಲಿ ಅದು ನಿಂತು, ಡಿಸ್ಕು ನೀರು ಹರಿದಂತೆ ಓದತೊಡಗಿತು. ಕಾಪಿ ಮುಗಿದ ಮೇಲೆ ಎರಡು ಕಡೆಯ ಗುರುತನ್ನೂ ಹೊಸದಾಗಿ ತೆಗೆದು, ಒಂದರ ಕೆಳಗೊಂದು ಇಟ್ಟು, ಸ್ವಾತಿ ಬೆರಳಿಟ್ಟು ಕೊನೆಯ ಅಕ್ಷರದವರೆಗೂ ನೋಡಿದಳು.

"ಮ್ಯಾಚ್."

ಆಮೇಲೆ ಆ ಜಾಗವನ್ನು ಹಾಕಿದಳು. ನಾನು ಅದನ್ನು ಕೇಳಿದ್ದೆನೇ ಹೊರತು ನೋಡಿರಲಿಲ್ಲ. ಈ ಸಲ ಹೂವು ಕೈಯಲ್ಲಿಯೇ ಇತ್ತು, ತಲೆ ಎತ್ತಿದೆ. ಒಬ್ಬ ಹೆಂಗಸು ಗೋಡೆಯ ಕಡೆ ತಿರುಗುತ್ತಾಳೆ. ಮತ್ತೆ ಕಾಣುವುದು ಅವಳ ಕಿವಿ, ಮುಡಿದ ಮಲ್ಲಿಗೆ, ಅಷ್ಟೆ. ಕ್ಯಾಸೆಟ್ ದಂಡವಾಗುತ್ತದೆಂದು ಮಂತ್ರಿ ಬಂದರೂ ಬೇಗ ಕ್ಯಾಮೆರಾ ತಿರುಗಿಸುತ್ತಿದ್ದ ಮನುಷ್ಯ, ಆ ಕಿವಿಯ ಮೇಲೆ ಸುಮ್ಮನೆ ನಿಂತುಬಿಟ್ಟಿದ್ದಾರೆ.

"ಎಲ್ಲರಿಗೂ ಪೆನ್‌ಡ್ರೈವ್ ಮಾಡ್ತಾ ಇದ್ದೇನೆ ಅಜ್ಜಿ. ಇಷ್ಟು ತೆಗಿಬೇಕಾ?" ಎಂದು ಸ್ವಾತಿ ಕೇಳಿದಳು.

"ಇರಲಿ" ಎಂದೆ.

ಈ ಕಾಗದದ ಜೊತೆಗೆ ನಿಮಗೆ ಬಂದಿರುವುದು ಅದೇ. ಚೆಕ್ ಮಾಡಿಯೇ ಕಳುಹಿಸಿದ್ದಾಳೆ. ಧಾರೆ ಮುಗಿದು, ಊಟದ ಪಂಕ್ತಿಗೆ ಮೊದಲು, ಹಸಿರು ಸೀರೆಯ ಹೆಂಗಸೊಬ್ಬಳು ಬಾಗಿಲ ಬಳಿ ಕಾಣುತ್ತಾಳೆ. ಅವಳು ಮುಖ ತೋರಿಸುವುದಿಲ್ಲ, ಅದಕ್ಕಾಗಿ ಕಾಯಬೇಡಿ. ಸದ್ದು ಸ್ವಲ್ಪ ಏರಿಸಿ. ಮಾತಾಡುವವರು ನಿಮ್ಮ ಅಜ್ಜ.