ಕೋವಿ ಹಾರಿಸಲು ಒಬ್ಬರು

ರೈಫಲ್ ಬೆಲೆ ಬಿದ್ದರೆ ನನಗೇನು? ಮಾರ್ಟ್‌ಗೇಜ್ ಬಡ್ಡಿ ಬೀಳಲಿ, ಈರುಳ್ಳಿ ಬೆಲೆ ಬೀಳಲಿ, ತುಪ್ಪದ ದೀಪ ಹಚ್ಚುತ್ತೇನೆ. ಬಂದೂಕಿನ ಗೊಡವೆ ನಮ್ಮ ವಂಶದಲ್ಲೇ ಯಾರಿಗೂ ಇರಲಿಲ್ಲ. ಮೈಸೂರಿನ ಅಗ್ರಹಾರದಲ್ಲಿ ಬೆಳೆದು, ಬರ್ಮಿಂಗ್‌ಹ್ಯಾಮ್ ಪಕ್ಕದ ಓಲ್ಡ್‌ಬರಿಯಲ್ಲಿ ಒಂದು ಜಿಪಿ ಸರ್ಜರಿಯ, ಅಂದರೆ ಡಾಕ್ಟರ ಕ್ಲಿನಿಕ್ಕಿನ, ರಿಸೆಪ್ಷನ್ನಿನಲ್ಲಿ ಕೂತು ದಿನವಿಡೀ ಜನರಿಂದ ಬೈಸಿಕೊಳ್ಳುವವಳು ನಾನು. ದೀಪಾವಳಿಯ ಆನೆ ಪಟಾಕಿಗೂ ಕಿವಿ ಮುಚ್ಚಿಕೊಂಡು ಬಚ್ಚಲಿಗೆ ಓಡುತ್ತೇನೆ. ಆದರೂ ಕಳೆದ ಒಂದೂವರೆ ವರ್ಷದಲ್ಲಿ ರೈಫಲ್ ಮಾರುಕಟ್ಟೆಯ ಏರಿಳಿತ ನನಗೆ ಬಾಯಿಪಾಠ. ಅದಕ್ಕೆ ಕಾರಣ ನಮ್ಮ ಉತ್ತಯ್ಯ ಅಂಕಲ್.

ಅವರು ನಮ್ಮ ಮನೆಯಿಂದ ಮೂರನೆಯ ಮನೆ. ಕೊಡಗಿನ ಮೂರ್ನಾಡು ಕಡೆಯವರು. ಕಾರಿನ ಗೇರ್‌ಬಾಕ್ಸ್ ಎಂಜಿನಿಯರಾಗಿ ಇಲ್ಲಿಗೆ ಬಂದು, ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಆರಡಿ ಆಳು, ಬಿಳಿ ಮೀಸೆ, ಕಸದ ಬಿನ್ ಹೊರಗಿಡಲು ಬಂದರೂ ಇಸ್ತ್ರಿ ಮಾಡಿದ ಅಂಗಿ. ಮಕ್ಕಳಿಲ್ಲ. ಹೆಂಡತಿ ದೇಚಮ್ಮ ತೀರಿಕೊಂಡ ಮೇಲೆ ಆ ಮನೆಯಲ್ಲಿ ಅವರು ಮತ್ತು ಒಂದು ರೈಫಲ್, ಇಬ್ಬರೇ. ಇಬ್ಬರೇ ಅಂತ ನಾನು ಹೇಳುತ್ತಿಲ್ಲ, ಅವರೇ ಹೇಳುತ್ತಿದ್ದರು. ರೈಫಲನ್ನು ಅವರು ಕೋವಿ ಎನ್ನುತ್ತಿದ್ದರು, ಅದೂ ಮನೆಯ ಹಿರಿಯರೊಬ್ಬರ ಹೆಸರು ಹೇಳುವ ಹಾಗೆ.

ದೇಚಮ್ಮ ಹೋದ ವಾರ ನಾನು ಅನ್ನ, ಸಾರು ಮಾಡಿಕೊಂಡು ಹೋಗಿದ್ದೆ. ಆಗ ಅವರು ಮೊದಲ ಸಲ ಆ ವಿಷಯ ತೆಗೆದರು.

"ನಮ್ಮಲ್ಲಿ ಮನೆಯಲ್ಲಿ ಗಂಡು ಹುಟ್ಟಿದ್ರೆ ಒಂದು ಗುಂಡು, ಯಾರಾದ್ರೂ ತೀರಿಕೊಂಡ್ರೆ ಎರಡು. ಆ ಸದ್ದು ಕೇಳಿದ್ರೆ ಸಾಕು, ಗದ್ದೆ ಕೆಲಸ ಬಿಟ್ಟು ಊರೇ ಬರ್ತದೆ. ಇಲ್ಲಿ ದೇಚು ಹೋದ ಸುದ್ದಿ ಎಂತದ್ರಲ್ಲಿ ಹೇಳಿದ್ದು ಹೇಳು? ವಾಟ್ಸ್ಯಾಪಲ್ಲಿ!"

"ಮತ್ತೆ ಗುಂಡು?" ಅಂದೆ.

"ಶನಿವಾರ ರೈಫಲ್ ಕ್ಲಬ್ಬಿಗೆ ಹೋಗಿ, ಗುರಿ ಹೊಡೆಯೋ ರೇಂಜಿನಲ್ಲಿ ನಾನೇ ಎರಡು ಹಾರಿಸಿ ಬಂದೆ. ಪಕ್ಕದವ ಗುರಿ ತಪ್ಪಿತು ಅಂದ." ಸಾರಿನ ಬಟ್ಟಲನ್ನು ಸುಮ್ಮನೆ ತಿರುಗಿಸುತ್ತಾ ಕೂತರು. "ಅವಳಿಗೆ ನಾನಿದ್ದೆ ಮಾರಾಯ್ತಿ. ನನಗೆ ಯಾರು? ಸತ್ತವನೇ ಎದ್ದು ಹಾರಿಸೋಕಾಗ್ತದಾ?"

ಅವರು ನಕ್ಕರು. ನನಗೆ ನಗು ಬರಲಿಲ್ಲ. ಆಸ್ತಿ ಯಾರಿಗೆ, ಮನೆ ಯಾರಿಗೆ ಎಂಬ ಯೋಚನೆ ಆ ಮನುಷ್ಯನಿಗೆ ಇರಲೇ ಇಲ್ಲ. ತಾನು ಹೋದ ದಿನ ಕೋವಿ ಹಿಡಿದು ಎರಡು ಗುಂಡು ಹಾರಿಸಲು ಒಬ್ಬರು ಬೇಕು, ಅಷ್ಟೇ. ಈ ದೇಶದಲ್ಲಿ ಅಂಥ ಒಬ್ಬರನ್ನು ಎಲ್ಲಿಂದ ತರುವುದು? ನನ್ನ ಗಂಡ ಬಾಲಕೃಷ್ಣ ಸೊಳ್ಳೆ ಬ್ಯಾಟು ಹಿಡಿಯಲೂ ಅಂಜುತ್ತಾನೆ.

ಡಡ್ಲಿ ಎಂಬ ಊರಿನಾಚೆ ಹಳೆಯ ಕಲ್ಲುಗಣಿಯೊಂದರಲ್ಲಿ ಅವರ ಕ್ಲಬ್ಬಿತ್ತು. ಅಲ್ಲಿಗೆ ಬರುತ್ತಿದ್ದವರು ನಾಲ್ಕೈದು ಮುದುಕರು. ಅವರಲ್ಲಿ ಒಬ್ಬರಿಗೆ ಕಣ್ಣು ಮಂಜು, ಇನ್ನೊಬ್ಬರಿಗೆ ಕಿವಿ ಮಂದ. ಅವರನ್ನು ನೆಚ್ಚಿಕೊಂಡರೆ ಉತ್ತಯ್ಯ ಅಂಕಲ್ಲೇ ಅವರಿಗೆಲ್ಲ ಗುಂಡು ಹಾರಿಸಬೇಕಾಗುತ್ತಿತ್ತು.

ಅಷ್ಟರಲ್ಲಿ ಎದ್ದಿತು ನೋಡಿ ಒಂದು ಗಾಳಿಸುದ್ದಿ. ಕಾನೂನು ಬಿಗಿಯಾಗುತ್ತಂತೆ, ಇನ್ನು ಮುಂದೆ ರೈಫಲ್ ಕೊಳ್ಳಲು ಬಿಡುವುದೇ ಇಲ್ಲವಂತೆ, ಈಗ ಕೊಂಡವರಿಗೆ ಮಾತ್ರ ಉಂಟಂತೆ. ಯಾರು ಹೇಳಿದ್ದು? ಯಾರಿಗೂ ಗೊತ್ತಿಲ್ಲ. ಅಂತೆಕಂತೆಗೆ ಕಾಲೆಲ್ಲಿ? ಲಾಕ್‌ಡೌನಿನಲ್ಲಿ ಟಾಯ್ಲೆಟ್ ಪೇಪರಿಗೆ ಬಿದ್ದ ಹಾಗೆಯೇ ಜನ ರೈಫಲಿಗೆ ಬಿದ್ದರು. ರೈಫಲ್ ಇಟ್ಟುಕೊಳ್ಳಲು ಪೊಲೀಸರು ಕೊಡುವ ಸರ್ಟಿಫಿಕೇಟ್ ಮಾಡಿಸಿ ಎಲ್ಲೋ ಎಸೆದು ಮರೆತಿದ್ದವರೆಲ್ಲ ಹುಡುಕಿ ತೆಗೆದು ಧೂಳು ಕೊಡವಿದರು. ಬೆಲೆ ದುಪ್ಪಟ್ಟಾಯಿತು. ಇಲ್ಲಿ ಗುರಿ ಹೊಡೆಯುವ ರೈಫಲ್ ಇಟ್ಟುಕೊಳ್ಳಬೇಕಾದರೆ ಯಾವುದಾದರೂ ಕ್ಲಬ್ಬಿನ ಸದಸ್ಯರಾಗಿರಬೇಕು. ಹಾಗಾಗಿ ಕೊಂಡವರಲ್ಲಿ ಮೂವತ್ತು ಜನ ಅಂಕಲ್ ಕ್ಲಬ್ಬಿಗೂ ಬಂದರು. ನಾಲ್ಕೈದು ಮುದುಕರಿದ್ದ ಕಲ್ಲುಗಣಿಯಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲ!

ಆ ಚಳಿಗಾಲ ನಾನು ಕಂಡ ಉತ್ತಯ್ಯ ಅಂಕಲ್ಲೇ ಬೇರೆ. ಶನಿವಾರ ಬಂತೆಂದರೆ ಬೆಳಿಗ್ಗೆಯೇ ಮೀಸೆ ತೀಡಿ, ದೊಡ್ಡ ಫ್ಲಾಸ್ಕಿನಲ್ಲಿ ಏಲಕ್ಕಿ ಚಹಾ ತುಂಬಿಕೊಂಡು ಹೊರಡುವರು. ಹೊಸಬರಿಗೆ ಉಸಿರು ಹಿಡಿಯುವುದು ಹೇಗೆ, ಭುಜಕ್ಕೆ ಒತ್ತುವುದು ಹೇಗೆ, ನಳಿಗೆ ಒರೆಸುವುದು ಹೇಗೆ ಎಲ್ಲ ಅವರದೇ ಪಾಠ. ಉತ್ತಯ್ಯ ಎನ್ನಲು ನಾಲಿಗೆ ಹೊರಳದೆ ಎಲ್ಲರೂ ಅವರನ್ನು ಮಿಸ್ಟರ್ ಯು ಎನ್ನುತ್ತಿದ್ದರಂತೆ. ಅಂಗಡಿಯವನೊಬ್ಬ ಫೋನ್ ಮಾಡಿ, ನಿಮ್ಮ ಹಳೆಯ ರೈಫಲ್ ಕೊಡಿ, ಕೇಳಿದಷ್ಟು ಕೊಡುತ್ತೇನೆ ಅಂದನಂತೆ. ನಮ್ಮ ಬಾಲಕೃಷ್ಣನಿಗೆ ಕಿವಿ ನೆಟ್ಟಗಾಯಿತು.

"ಈಗ ಮಾರ್ಬಿಡಿ ಅಂಕಲ್, ರೇಟ್ ಬಿದ್ಮೇಲೆ ಅದನ್ನೇ ವಾಪಸ್ ತಗೊಳ್ಳಿ," ಅಂದ.

"ನಿಮ್ಮ ಅಜ್ಜಂಗೆ ಒಳ್ಳೇ ರೇಟ್ ಬಂದ್ರೆ ಕೊಡ್ತೀಯಾ?" ಅಂದರು ಅವರು. ಬಾಲು ಎದ್ದು ಚಹಾ ಲೋಟ ತೊಳೆಯಲು ಹೋದ.

ಆ ಹೊಸಬರಲ್ಲಿ ಕಾಲಿನ್ ಎಂಬವನೊಬ್ಬ. ಐವತ್ತರ ಆಸುಪಾಸು, ಮನೆಮನೆಗೆ ಹೋಗಿ ಅಡುಗೆಮನೆ ಕಪಾಟು ಕೂರಿಸುವ ಕೆಲಸ, ಬಾಯಿ ತುಂಬ ಮಾತು. ಒಂದು ದಿನ ಚಹಾ ಕುಡಿಯುತ್ತಾ ಅಂಕಲ್ ಅವನಿಗೆ ತಮ್ಮ ಪದ್ಧತಿ ಹೇಳಿದರಂತೆ. ನಾನು ಹೋದ ಮೇಲೆ ಇಲ್ಲೇ, ಈ ರೇಂಜಿನಲ್ಲೇ ಎರಡು ಗುಂಡು ಹಾರಿಸುತ್ತೀಯಾ ಅಂತ ಕೇಳಿದರಂತೆ. ಅವನು ಅವರ ಬೆನ್ನು ತಟ್ಟಿ, ಖಂಡಿತ ಮಿಸ್ಟರ್ ಯು, ಮೂರು ಬೇಕಾದರೂ ಹಾರಿಸುತ್ತೇನೆ ಅಂದನಂತೆ. ಅದನ್ನು ಹೇಳಲು ಅಂಕಲ್ ಕ್ಲಬ್ಬಿನಿಂದ ನೇರ ನಮ್ಮ ಮನೆಗೆ ಬಂದಿದ್ದರು. ಮಗಳ ಮದುವೆ ಗೊತ್ತಾದ ತಂದೆಯ ಮುಖದಲ್ಲೂ ಅಷ್ಟು ನಿರಾಳ ನಾನು ನೋಡಿಲ್ಲ.

ಬೇಸಿಗೆ ಬಂತು. ಬರುತ್ತೆ ಬರುತ್ತೆ ಅಂದ ಕಾನೂನು ಬರಲಿಲ್ಲ. ಅಂಗಡಿಗಳವರು ದುರಾಸೆಗೆ ತರಿಸಿಟ್ಟ ಮಾಲು ಹಾಗೇ ಉಳಿಯಿತು. ಕೊಂಡವರು ಒಬ್ಬೊಬ್ಬರಾಗಿ ಮಾರಲು ಹೊರಟರು. ಮಾರುವವರು ಹೆಚ್ಚಾದ ಹಾಗೆ ಬೆಲೆ ಕುಸಿಯಿತು, ಬೆಲೆ ಕುಸಿದ ಹಾಗೆ ಉಳಿದವರೂ ಮಾರಲು ಓಡಿದರು. ಆಗಸ್ಟಿಗೆ ಅರ್ಧ ಬೆಲೆಗೂ ಕೇಳುವವರಿಲ್ಲ. ರೈಫಲ್ ಹೋದ ಮೇಲೆ ಕ್ಲಬ್ಬು ಯಾಕೆ? ಶನಿವಾರ ಅಂಕಲ್ ತುಂಬಿಕೊಂಡು ಹೋದ ಫ್ಲಾಸ್ಕು ಮುಕ್ಕಾಲು ತುಂಬಿಯೇ ವಾಪಸು ಬರತೊಡಗಿತು.

ಅವರಿಗೆ ಅರ್ಥವೇ ಆಗಿರಲಿಲ್ಲ. ರಜೆಗೆ ಹೋಗಿದ್ದಾರೆ, ಸ್ಪೇನಿಗೆ ಹೋಗಿದ್ದಾರೆ ಎನ್ನುತ್ತಿದ್ದರು. ಕೊಡಗಿನವರ ತಲೆಗೆ ಹೊಳೆಯದ ಮಾತು ಅದು. ಮನೆಗೆ ಕೋವಿ ತಂದವನು ಅದನ್ನು ಹಬ್ಬಕ್ಕೆ ತೊಳೆದು ಪೂಜೆ ಮಾಡಿ ಮಗನ ಕೈಗೆ ಕೊಟ್ಟು ಸಾಯುತ್ತಾನೆಯೇ ಹೊರತು, ರೇಟ್ ನೋಡಿ ಮಾರುತ್ತಾನೆಂದು ಅವರು ಕನಸಿನಲ್ಲೂ ಎಣಿಸಿರಲಿಲ್ಲ. ಕೋವಿ ಕೊಂಡ ಆ ಮೂವತ್ತು ಜನ ಅವರ ಲೆಕ್ಕದಲ್ಲಿ ನೆಂಟರೇ ಆಗಿಬಿಟ್ಟಿದ್ದರು.

ಸೆಪ್ಟೆಂಬರಿನ ಮೊದಲ ವಾರ ಕೈಲ್‌ಪೊಳ್ದ್, ಅವರ ಆಯುಧಪೂಜೆಯ ಹಬ್ಬ. ಕ್ಲಬ್ಬಿನ ವಾಟ್ಸ್ಯಾಪ್ ಗುಂಪಿಗೆ ಅಂಕಲ್ ಕರೆಯೋಲೆ ಹಾಕಿದರು: ಭಾನುವಾರ ನಮ್ಮ ಮನೆಗೆ ಎಲ್ಲರೂ ಬನ್ನಿ, ನಿಮ್ಮ ರೈಫಲ್ ತನ್ನಿ, ಒಟ್ಟಿಗೆ ಪೂಜೆ ಮಾಡೋಣ. ಅಯ್ಯೋ ಭಗವಂತ! ಕ್ಲಬ್ಬಿನ ಕಾರ್ಯದರ್ಶಿ ಹತ್ತೇ ನಿಮಿಷದಲ್ಲಿ ಫೋನ್ ಮಾಡಿದನಂತೆ. ಊಟದ ಮನೆಗೆ ಮೂವತ್ತು ರೈಫಲ್ ಹೊತ್ತುಕೊಂಡು ಬಂದರೆ ಪೊಲೀಸರು ಹೆಲಿಕಾಪ್ಟರಿನಲ್ಲಿ ಬರುತ್ತಾರೆ ಅಂದನಂತೆ. ಅಂಕಲ್ ಎರಡನೆಯ ಓಲೆ ಹಾಕಿದರು: ರೈಫಲ್ ಬೇಡ, ನೀವು ಬಂದರೆ ಸಾಕು.

"ಎಷ್ಟು ಜನ ಬರ್ತೀನಿ ಅಂದಿದಾರೆ ಅಂಕಲ್?" ಅಂತ ಕೇಳಿದೆ.

"ಅದೆಲ್ಲ ಹೇಳಿ ಬರೋದಾ? ಹಬ್ಬ ಅಲ್ವಾ, ಬರ್ತಾರೆ."

ನಾನು ಬಾಯಿಬಿಟ್ಟೇ ಹೇಳಿದೆ. "ಇವರೆಲ್ಲ ಜನವರಿಲಿ ಜಿಮ್ ಸೇರಿ ಮಾರ್ಚ್‌ನಲ್ಲಿ ಬಿಡೋ ಪೈಕಿ. ಸ್ವಲ್ಪಾನೇ ಅಡುಗೆ ಮಾಡಿ."

"ಕೋವಿ ಏನು ಟ್ರೆಡ್‌ಮಿಲ್ಲಾ, ಬಟ್ಟೆ ಒಣಗಿಸೋಕೆ?" ಎಂದು ಗದರಿದರು.

ಭಾನುವಾರ ನಾನು ನನ್ನ ಪಾಲಿನ ಬೇಳೆಸಾರು ಡಬ್ಬಿಯಲ್ಲಿ ಹಿಡಿದುಕೊಂಡು ಹೋದೆ. ಅವರ ಹಂದಿ ಸಾರು ನಮಗೆ ಆಗದು, ಅವರ ಅಕ್ಕಿಯುಂಡೆ ಕಡಂಬಿಟ್ಟು ಮಾತ್ರ ಎಷ್ಟಾದರೂ ಆದೀತು. ನಡುಮನೆಯಲ್ಲಿ ದೀಪ, ಕೆಂಪು ರೇಷ್ಮೆ ವಸ್ತ್ರದ ಮೇಲೆ ಕೋವಿ, ಅದಕ್ಕೆ ಗಂಧದ ಬೊಟ್ಟು. ಊರಲ್ಲಿ ಕೋವಿಯ ಬಾಯಿಗೆ ಸಿಕ್ಕಿಸುವ ಕೆಂಪು ಹೂವು ಇಲ್ಲಿ ಸಿಗದು. ಸೂಪರ್‌ಮಾರ್ಕೆಟ್ಟಿನ ಕಿತ್ತಳೆ ಬಣ್ಣದ ಲಿಲ್ಲಿ ಸಿಕ್ಕಿಸಿದ್ದರು. ಎರಡು ದೊಡ್ಡ ಪಾತ್ರೆ ತುಂಬ ಸಾರು, ಬುಟ್ಟಿಗಟ್ಟಲೆ ಕಡಂಬಿಟ್ಟು. ಬಾಡಿಗೆಗೆ ತಂದ ಕುರ್ಚಿಗಳು ಗೋಡೆಯುದ್ದಕ್ಕೂ ಸಾಲಾಗಿದ್ದವು. ಅವರು ಕೊಡವರ ಉದ್ದನೆಯ ಕಪ್ಪು ಅಂಗಿ ಕುಪ್ಯ ತೊಟ್ಟು, ಸೊಂಟಕ್ಕೆ ಕೆಂಪು ಪಟ್ಟಿ ಸುತ್ತಿ ಬಾಗಿಲಲ್ಲೇ ನಿಂತಿದ್ದರು.

ಒಂದು ಗಂಟೆಯಾಯಿತು, ಎರಡಾಯಿತು. ಯಾರೂ ಇಲ್ಲ. ಫೋನಿಗೆ ಮಾತ್ರ ಸಾರಿ ಮಿಸ್ಟರ್ ಯು, ಸಾರಿ ಮಿಸ್ಟರ್ ಯು ಅಂತ ಬರುತ್ತಿತ್ತು. "ಕೂತ್ಕೊಳ್ಳಿ ಅಂಕಲ್, ಕಾಲು ನೋಯುತ್ತೆ," ಅಂದೆ. ಕೂರಲಿಲ್ಲ.

ಮೂರರ ಹೊತ್ತಿಗೆ ವ್ಯಾನೊಂದು ಬಂದು ನಿಂತಿತು. ಕಾಲಿನ್! ಅಂಕಲ್ ಓಡಿಯೇ ಹೋದರು. ಕೈಹಿಡಿದು ಕರೆತಂದು, ದೀಪದ ಮುಂದೆ ನಿಲ್ಲಿಸಿ, ಹಣೆಗೆ ಗಂಧವಿಟ್ಟು, ಎದುರಿಗೆ ಕೂತು ಬಡಿಸಿದರು. ಅವನೂ ಸಂಕೋಚವಿಲ್ಲದೆ ಎರಡು ತಟ್ಟೆ ಹೊಡೆದ. ಕೈ ತೊಳೆದ ಮೇಲೆ ಗಂಟಲು ಸರಿಮಾಡಿಕೊಂಡ.

ಅವನು ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: ರೈಫಲ್ ಮಾರಬೇಕು, ಅಂಗಡಿಯವರು ಮೂರು ಕಾಸಿಗೆ ಕೇಳುತ್ತಿದ್ದಾರೆ, ನಿಮಗೆ ಇವುಗಳ ಮೇಲೆ ಪ್ರೀತಿ, ಅರ್ಧ ಬೆಲೆಗೆ ನೀವೇ ತೆಗೆದುಕೊಳ್ಳಿ.

ಅಂಕಲ್ ಅವನ ಖಾಲಿ ತಟ್ಟೆ ಎತ್ತಿ ಬದಿಗಿಟ್ಟರು. ಆಮೇಲೆ, "ನನ್ನ ಸರ್ಟಿಫಿಕೇಟಿನಲ್ಲಿ ಒಂದಕ್ಕೇ ಜಾಗ," ಅಂದರು. "ಒಂದು ಕೆಲಸ ಮಾಡು. ನಿನಗೆ ಎಷ್ಟು ನಷ್ಟವೋ ಅಷ್ಟೂ ನಾನು ಕೊಡ್ತೀನಿ. ರೈಫಲ್ ನಿನ್ನ ಹತ್ತಿರವೇ ಇರಲಿ. ಮಾರಬೇಡ. ಶನಿವಾರ ಬಾ, ಸಾಕು."

ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಯಾರ ಮುಂದೆಯೂ ತಲೆ ತಗ್ಗಿಸದ ಆ ಮನುಷ್ಯ ಕಪಾಟು ಕೂರಿಸುವವನ ಮುಂದೆ ಕೈಚಾಚಿದ ಹಾಗೆ ಕೂತಿದ್ದರು.

ಕಾಲಿನ್ ಕೆಟ್ಟವನಲ್ಲ, ಅದೇ ಸಂಕಟ. ಮುಖ ಕೆಂಪಗೆ ಮಾಡಿಕೊಂಡು, "ಬೇಡ ಮಿಸ್ಟರ್ ಯು. ನಿಜ ಹೇಳಲಾ? ನಾಲ್ಕು ಕಾಸು ಲಾಭವಾದೀತು ಅಂತ ಕೊಂಡೆ. ಆ ಸದ್ದೇ ನನಗಾಗದು," ಅಂದ.

"ನೀನು ಮಾತು ಕೊಟ್ಟಿದ್ದೆ," ಅಂದರು ಅಂಕಲ್, ಬಹಳ ಮೆಲ್ಲಗೆ.

ಅವನಿಗೆ ನೆನಪಾಗಲಿಲ್ಲ. ಯಾವ ಮಾತು ಎಂದು ನನ್ನ ಮುಖ ನೋಡಿದ. ಅಂಕಲ್ ಬಿಡಿಸಿ ಹೇಳಲಿಲ್ಲ. ಎದ್ದು ಹೋಗಿ ದೊಡ್ಡ ಡಬ್ಬಿಯೊಂದಕ್ಕೆ ಸಾರು ತುಂಬಿ, ಮನೆಯವರಿಗೆ ಕೊಡು ಅಂತ ಅವನ ಕೈಗಿಟ್ಟು, ವ್ಯಾನಿನವರೆಗೂ ಹೋಗಿ ಬೀಳ್ಕೊಟ್ಟು ಬಂದರು. ಉಂಡೂ ಹೋದ, ಕೊಂಡೂ ಹೋದ.

ಒಳಗೆ ಬಂದವರು ಖಾಲಿ ಕುರ್ಚಿಯೊಂದರಲ್ಲಿ ಕುಸಿದರು. "ಇನ್ನು ಯಾರೂ ಇಲ್ಲ ವಸುಂಧರಾ," ಅಂದರು. ಅಳಲಿಲ್ಲ, ಅತ್ತಿದ್ದರೆ ವಾಸಿಯಿತ್ತು. "ಸದ್ದಿಲ್ಲದೆ ಹೋಗ್ತೇನೆ ನಾನು. ಎಲ್ಲೋ ಬೆಕ್ಕು ಸತ್ತ ಹಾಗೆ."

ನನಗೆ ಸಿಟ್ಟು ನೆತ್ತಿಗೇರಿತು. ಕಾಲಿನ್ ಮೇಲೋ, ಗಾಳಿಸುದ್ದಿ ಎಬ್ಬಿಸಿದವರ ಮೇಲೋ, ಈ ಮನುಷ್ಯನ ಮೇಲೋ ಗೊತ್ತಿಲ್ಲ.

"ಸಾಕು ಸುಮ್ನಿರಿ ಅಂಕಲ್! ಬೆಕ್ಕಂತೆ! ನಾನು ಹಾರಿಸ್ತೀನಿ."

ತಲೆಯೆತ್ತಿ ನೋಡಿದರು. "ನೀನಾ? ಕುಕ್ಕರ್ ಕೂಗಿದ್ರೆ ಬೆಚ್ಚಿ ಬೀಳ್ತೀಯಾ."

"ಕಲೀತೀನಿ. ನೀವು ಕಲಿಸಿ. ಮೂವತ್ತು ಜನ ನಾಲಾಯಕ್‌ಗಳಿಗೆ ಕಲಿಸಿದ್ರಲ್ಲ, ನನಗೇನು ಕೇಡು?"

"ತಮಾಷೆ ಅಲ್ಲ ಮಾರಾಯ್ತಿ. ಕ್ಲಬ್ ಸೇರ್ಬೇಕು, ಪೊಲೀಸ್ನೋರು ಮನೆಗೆ ಬರ್ತಾರೆ, ಸರ್ಟಿಫಿಕೇಟು ಕೈಗೆ ಬರೋಕೆ ವರ್ಷದ ಮೇಲಾಗ್ತದೆ."

"ಆಗ್ಲಿ. ಅಲ್ಲೀವರೆಗೂ ನೀವು ಸಾಯೋ ಹಾಗಿಲ್ಲ, ಅಷ್ಟೇ. ಹೇಳ್ಬಿಟ್ಟಿದೀನಿ."

ಅವರು ನನ್ನನ್ನೇ ನೋಡುತ್ತಾ ಕೂತರು. ಆಮೇಲೆ ಕುಪ್ಯದ ತೋಳಿನಿಂದ ಮುಖ ಒರೆಸಿಕೊಂಡು, ಕ್ಲಬ್ಬಿನ ಹೊಸಬರನ್ನು ಕೇಳುತ್ತಿದ್ದ ಗತ್ತಿನಲ್ಲೇ ಕೇಳಿದರು.

"ಎಲ್ಲಿ, ಎಡಗಣ್ಣು ಮುಚ್ಚು ನೋಡುವ."

ಮುಚ್ಚಿದೆ. ಎರಡೂ ಮುಚ್ಚಿದವು. ಇನ್ನೊಮ್ಮೆ ಪ್ರಯತ್ನಿಸಿದೆ, ಮತ್ತೆ ಎರಡೂ. ನಲವತ್ತು ದಾಟಿದ ಮೇಲೆ ಗೊತ್ತಾಯಿತು, ನನಗೆ ಒಂದೇ ಕಣ್ಣು ಮುಚ್ಚಲು ಬರುವುದಿಲ್ಲ ಅಂತ.

"ಥೂ," ಅಂದರು ಉತ್ತಯ್ಯ ಅಂಕಲ್. "ನಾನು ಇನ್ನೂ ಹತ್ತು ವರ್ಷ ಬದುಕ್ಬೇಕಾಗ್ತದೆ."