ಕದಿರಪ್ಪನ ಪಕ್ಕದ ಜಾಗ

ಮಾರಕ್ಕ ಸಾಯೋಕೆ ತಯಾರಾಗಿದ್ದಳು. ಉಡಿಸೋ ಸೀರೆ ತೆಗೆದಿಟ್ಟಿದ್ದಳು. ಹಣೆಗೆ ಇಡೋ ಕಾಸು ತೆಗೆದಿಟ್ಟಿದ್ದಳು. ಯಾರ್ಯಾರಿಗೆ ಫೋನ್ ಮಾಡಬೇಕು ಅಂತ ಬಾಗಲೂರಿಗೆ ಕೊಟ್ಟಿದ್ದ ಮಗಳಿಗೆ ಹೇಳಿಟ್ಟಿದ್ದಳು. ಒಂದೇ ತೊಂದರೆ. ಮಣ್ಣು ಮಾಡೋಕೆ ಜಾಗ ಇರಲಿಲ್ಲ.

ಜಾಗ ಇತ್ತು. ಅದನ್ನ ಪಾರ್ಕ್ ಮಾಡಿಬಿಟ್ಟಿದ್ದರು.

ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ ಅಂತ ಗಾದೆ. ಮಾರಕ್ಕನ ಹಳ್ಳಿ ಸಿಂಗಾಪುರದಲ್ಲಿ ಊರು ಹೋಗಿ ಲೇಔಟ್ ಆಗಿತ್ತು. ಕಾಡು ಹೋಗಿ ವಾಕಿಂಗ್ ಟ್ರ್ಯಾಕ್ ಆಗಿತ್ತು. ಮಾರಕ್ಕನಿಗೆ ಎರಡೂ ಹೋಗು ಅಂದವು.

ಆ ಎಂಟು ಗುಂಟೆಗೆ ಹಿರೀಕರ ಗುಡ್ಡೆ ಅಂತ ಹೆಸರು. ಪ್ಲೇಗು ಬಂದಾಗ ಊರಿನವರೆಲ್ಲ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದರಂತೆ. ಮಾರಕ್ಕನ ಗಂಡನ ಮನೆಯಲ್ಲಿ ಮೊದಲು ಸತ್ತವಳು ಒಬ್ಬ ಬಾಣಂತಿ. ಊರ ಸ್ಮಶಾನಕ್ಕೆ ಹೊತ್ತುಕೊಂಡು ಹೋಗೋಕೆ ನಾಲ್ಕು ಹೆಗಲು ಸಿಗಲಿಲ್ಲ. ಹೊಂಗೆ ಮರದ ಬುಡದಲ್ಲೇ ಹೂತರು. ಒಬ್ಬಳನ್ನೇ ಬಿಡೋದು ಸರಿಯಲ್ಲ ಅಂತ ಆಮೇಲೆ ಸತ್ತವರೆಲ್ಲ ಅಲ್ಲಿಗೇ ಹೋದರು. ಒಬ್ಬೊಬ್ಬರಿಗೆ ಒಂದೊಂದು ಚಪ್ಪಡಿ. ಹೆಸರು ಬರೆಸೋ ಪದ್ಧತಿ ಇರಲಿಲ್ಲ. ಯಾರು ಎಲ್ಲಿ ಅಂತ ಮನೆಯ ಹೆಂಗಸರಿಗೆ ಗೊತ್ತಿತ್ತು, ಎಡೆ ಇಡೋರು ಅವರೇ ತಾನೆ.

ಹೊಲ ಸೈಟ್ ಆದಮೇಲೆ ಹಿರೀಕರು ಒಬ್ಬೊಬ್ಬರಾಗಿ ಫೋಟೋ ಆಗಿ ಗೋಡೆಗೆ ಬಂದರು. ಮಾರಕ್ಕನ ಭಾವ ಮುನಿಶಾಮಪ್ಪನೇ ಲೇಔಟ್ ಮಾಡಿಸಿದವನು. ಅವನ ಮನೆಯಲ್ಲಿ ಲಿಫ್ಟ್ ಇದೆ. ಅಪ್ಪನ ಫೋಟೋಗೆ ಸೀರಿಯಲ್ ಲೈಟ್ ಇದೆ, ಕರೆಂಟ್ ಹೋದರೂ ಉರಿಯುತ್ತೆ. ತಿಥಿ ಅಂದರೆ ಕಲ್ಯಾಣಮಂಟಪ, ಐಸ್‌ಕ್ರೀಮ್. ಗುಡ್ಡೆಗೆ ಹೋಗೋರು ಯಾರೂ ಇಲ್ಲ. ಲಂಟಾನ ಬೆಳೆಯಿತು. ಪ್ಲಾಸ್ಟಿಕ್ ಬಂತು. ಇಪ್ಪತ್ತು ವರ್ಷ ಅಲ್ಲಿಗೆ ಹೋದದ್ದು ಹಂದಿ, ಮತ್ತೆ ಕದಿರಪ್ಪ.

ಕದಿರಪ್ಪ ಮಾರಕ್ಕನ ಗಂಡ. ಮಾತು ಕಡಿಮೆ. ಅಣ್ಣ ಮುನಿಶಾಮಪ್ಪ ಕಾಗದ ತಂದಾಗಲೆಲ್ಲ ಸಹಿ ಹಾಕಿದ. ಗುಡ್ಡೆಯ ಕಾಗದ ತಂದಾಗ ಮಾತ್ರ ಪೆನ್ನು ಕೆಳಗಿಟ್ಟು, "ಅಣ್ಣ, ಅಲ್ಲಿ ನಾನು ಮಲಗಬೇಕು" ಅಂದ. ಇಡೀ ಜೀವಮಾನದಲ್ಲಿ ಅವನು ಕೇಳಿದ್ದು ಅದೊಂದೇ. ಅದಕ್ಕೇ ಲೇಔಟ್ ಎದ್ದರೂ ಆ ಮೂಲೆ ಪೊದೆಯಾಗಿ ಉಳಿದಿತ್ತು.

ಮೂರು ವರ್ಷದ ಹಿಂದೆ ಅವನು ಸತ್ತ. ಮುನಿಶಾಮಪ್ಪ ಬಂದು ಮೂಗಿಗೆ ಕರ್ಚೀಫ್ ಹಿಡಿದು ನಿಂತ.

"ಹೆಬ್ಬಾಳದಲ್ಲಿ ಎಲೆಕ್ಟ್ರಿಕ್ ಸ್ಮಶಾನ ಐತೆ ಮಾರಕ್ಕ. ಮುಕ್ಕಾಲು ಗಂಟೆ. ಕೈ ತೊಳ್ಕೊಂಡು ಬರಬೈದು."

"ಅವರು ಗುಡ್ಡೆ ಅಂದವ್ರೆ ಭಾವ."

"ಸೈಟ್ ತಗೊಂಡೋರು ನೋಡಿದ್ರೆ?"

"ನೋಡ್ಲಿ. ಅವರೂ ಒಂದಿನ ಸಾಯೋರೇ ಅಲ್ವಾ?"

ಕೊನೆಗೆ ಬೆಳ್ಳಂಬೆಳಗ್ಗೆ ಒಯ್ಯೋದು ಅಂತಾಯಿತು. ತಮಟೆ ಬೇಡ ಅಂದ ಮುನಿಶಾಮಪ್ಪ. ಪಟಾಕಿ ಬೇಡ. ಅಳೋರು ಮನೆಯಲ್ಲೇ ಅತ್ತು ಬರಬೇಕು. ಕದ್ದ ಮಾಲು ಸಾಗಿಸಿದಂಗೆ ಕದಿರಪ್ಪನನ್ನ ಸಾಗಿಸಿದರು. ಹೊಂಗೆ ಮರದಿಂದ ನೀರಿನ ಕುಂಟೆಯ ಕಡೆಗೆ ಹನ್ನೊಂದು ಹೆಜ್ಜೆ. ಮಾರಕ್ಕ ಎಣಿಸಿಕೊಂಡಿದ್ದಳು.

ಅವನಿಗೆ ಚಪ್ಪಡಿ ಹಾಕಿಸಲಿಲ್ಲ. ಮಾರಕ್ಕ ಮನೆಯ ಬೀಸೋಕಲ್ಲಿನ ಕೆಳಗಲ್ಲನ್ನ ಹೊರಿಸಿಕೊಂಡು ಹೋಗಿ ಅವನ ತಲೆಯ ಹತ್ತಿರ ಇಟ್ಟಳು. ನೆಂಟರು ಗೊಣಗಿದರು. ಅನ್ನದ ಕಲ್ಲನ್ನ ಯಾರಾದರೂ ಗೋರಿಗೆ ಇಡ್ತಾರಾ? ಅವರಿಗೇನು ಗೊತ್ತು. ಮದುವೆಯಾದ ವರ್ಷ ಮಾರಕ್ಕ ಬಾವಿಕಟ್ಟೆ ಮೇಲೆ ಜಾರಿ ಬಲಗೈ ಮುರಿದುಕೊಂಡಿದ್ದಳು. ರಾಗಿ ಯಾರು ಬೀಸ್ತಾರೆ ಅಂತ ಅತ್ತೆ ಕೂಗಾಡಿದಳು. ಕದಿರಪ್ಪ ಬಂದು ಕಲ್ಲಿನ ಮುಂದೆ ಕೂತ. ಊರು ನಕ್ಕಿತು. ಸೀರೆ ಉಟ್ಕೊಳ್ಳೋ ಅಂದರು. ಕೈ ಕೂಡಿಕೊಂಡ ಮೇಲೂ ಅವನು ಏಳಲಿಲ್ಲ. ಒಂದೇ ಗೂಟ, ಅವಳ ಕೈ ಕೆಳಗೆ, ಅವನ ಕೈ ಮೇಲೆ. ಊರಿಗೆ ಮಿಲ್ ಬರೋವರೆಗೆ ಹಂಗೇ ಬೀಸಿದರು. ಮೇಲ್ಗಲ್ಲನ್ನ ಮಾರಕ್ಕ ಮನೆಯಲ್ಲೇ ಬಾಗಿಲ ಹಿಂದೆ ಇಟ್ಟುಕೊಂಡಳು. ತಾನು ಸತ್ತಾಗ ಅದನ್ನ ಕೆಳಗಲ್ಲಿನ ಪಕ್ಕ ಇಡಿ ಅಂತ ಮಗಳಿಗೆ ಹೇಳಿದ್ದಳು.

ಹೋದ ಬೇಸಿಗೆಯಲ್ಲಿ ಲೇಔಟ್ ಗೇಟಿನ ಮುಂದೆ ಸೊಪ್ಪು ಮಾರ್ತಾ ಕೂತಿದ್ದಾಗ ಒಳಗಿಂದ ಜೆಸಿಬಿ ಸದ್ದು ಕೇಳಿತ್ತು. ಯಾರದೋ ಮನೆ ಅಂದುಕೊಂಡಳು. ಆಮೇಲೆ ಮಂಡಿನೋವು ಅಂತ ಬಾಗಲೂರಿಗೆ ಹೋಗಿ ಮಗಳ ಮನೆಯಲ್ಲಿ ಇದ್ದು, ಹಿರೀಕರಿಗೆ ಎಡೆ ಇಡೋ ಮಾರ್ನಮಿ ಅಮಾಸೆಗೆ ನಾಲ್ಕು ದಿನ ಇದ್ದಂಗೆ ವಾಪಸ್ ಬಂದಳು. ಹಬ್ಬಕ್ಕೆ ಮುಂಚೆ ಜಾಗ ಗುಡಿಸೋಣ ಅಂತ ಪೊರಕೆ ಹಿಡಿದು ಹೋದರೆ ಗುಡಿಸೋಕೆ ಏನೂ ಇರಲಿಲ್ಲ. ಹುಲ್ಲು ಹಾಸಿದ್ದರು. ಹೊಂಗೆ ಮರಕ್ಕೆ ಲೈಟ್ ಸುತ್ತಿದ್ದರು. ಮಕ್ಕಳ ಜಾರುಬಂಡೆ ಇತ್ತು. ಹದಿನೇಳು ಚಪ್ಪಡಿಯಲ್ಲಿ ಒಂದೂ ಇರಲಿಲ್ಲ.

ವಾಚ್‌ಮನ್ ಪಂಚಪ್ಪ ಓಡಿ ಬಂದ. ರಾಯಚೂರು ಕಡೆಯವನು, ಮಾರಕ್ಕನ ಹತ್ತಿರ ದಿನಾ ಮೆಂತ್ಯ ತಗೊಳ್ಳೋನು.

"ಏ ಯವ್ವಾ, ಪೊರಕಿ ಹಿಡ್ಕೊಂಡು ಎಲ್ಲಿಗ್ ಬಂದಿ? ಇಲ್ಲಿ ಕಸಾ ಹೊಡ್ಯಾಕ ಬ್ಯಾರೆ ಮಂದಿ ಅದಾರ."

"ಇಲ್ಲಿದ್ದ ಕಲ್ಲು ಎಲ್ಲಪ್ಪಾ?"

"ಬೆಂಚ್ ಆಗ್ಯಾವ್ ನೋಡ್. ಕುಂದ್ರು, ತಂಪ್ ಅದಾವ."

"ಗುಂಡುಕಲ್ಲು ಒಂದಿತ್ತಲ್ಲ, ನಡುವೆ ಗೂಟ ಇರೋದು?"

"ಬೀಸೂ ಕಲ್ಲಾ? ಕ್ಲಬ್‌ಹೌಸ್‌ದಾಗ ಐತಿ. ನೀರಿನ ತೊಟ್ಟ್ಯಾಗ ಇಟ್ಟು ಸುತ್ತ ಗುಲಾಬಿ ತೇಲ್ ಬಿಟ್ಟಾರ. ಬಂದವ್ರೆಲ್ಲಾ ಫೋಟೋ ಹೊಡ್ಕೊಂತಾರ."

ಮಾರಕ್ಕ ಹೊಂಗೆ ಮರದಿಂದ ಹನ್ನೊಂದು ಹೆಜ್ಜೆ ಹಾಕಿದಳು. ಹನ್ನೊಂದನೆಯದು ಸಿಮೆಂಟಿನ ದುಂಡು ಕಟ್ಟೆಯ ಮೇಲೆ ಬಿತ್ತು.

"ಇಲ್ಲೇನ್ ಮಾಡ್ತಾರೆ?"

"ನಗ್ತಾರ."

"ಯಾಕೆ?"

"ಆರೋಗ್ಯಕ್ಕ. ದಿನಾ ಮುಂಜಾನೆ ಆರಕ್ಕ ಇಪ್ಪತ್ ಮಂದಿ ಕೈ ಎತ್ತಿ ಹಾ ಹಾ ಹಾ ಅಂತಾರ. ಲಾಫಿಂಗ್ ಕ್ಲಬ್ ಅಂತ."

ಕದಿರಪ್ಪ ಬದುಕಿದ್ದಾಗ ಊರು ಅವನನ್ನ ನೋಡಿ ಒಂದು ವರ್ಷ ನಕ್ಕು ಸುಮ್ಮನಾಗಿತ್ತು. ಇವರು ಬಿಡೋ ಹಂಗೆ ಕಾಣಲಿಲ್ಲ.

ಅಲ್ಲಿಂದ ನೇರವಾಗಿ ಭಾವನ ಮನೆಗೆ ಹೋದಳು. ಮುನಿಶಾಮಪ್ಪ ಸೋಫಾದಲ್ಲಿ ಕೂತು ಕಾಲಿಗೆ ಮಸಾಜ್ ಮೆಷಿನ್ ಹಾಕಿಸಿಕೊಂಡಿದ್ದ.

"ಗುಡ್ಡೆ ಏನ್ ಮಾಡಿದ್ರಿ ಭಾವ?"

"ಯಾವ ಗುಡ್ಡೆ?"

"ನಿಮ್ಮಪ್ಪ ಇರೋ ಗುಡ್ಡೆ."

"ನಮ್ಮಪ್ಪ ಇಲ್ಲೇ ಅವ್ನಲ್ಲ," ಅಂತ ಗೋಡೆ ತೋರಿಸಿದ. ಸೀರಿಯಲ್ ಲೈಟ್ ಮಿಣಮಿಣ ಅಂತು. "ನೋಡು ಮಾರಕ್ಕ. ಅಲ್ಲಿ ಗೋರಿ ಇಲ್ಲ, ಗುಡಿ ಇಲ್ಲ, ಏನೂ ಇಲ್ಲ ಅಂತ ನಾನು ಬರ್ದು ಕೊಟ್ಟಿವ್ನಿ. ಸ್ಟಾಂಪ್ ಪೇಪರ್‌ನಾಗೆ. ಇವಾಗ ಐತೆ ಅಂದ್ರೆ ಸುಳ್ಳಾಗ್ತದೆ. ನನ್ನ ಬಾಯಲ್ಲಿ ಸುಳ್ಳು ಹೇಳಿಸ್ತೀಯಾ?"

"ಅವರು ಸಹಿ ಹಾಕ್ಲಿಲ್ವಲ್ಲ?"

"ಸತ್ತೋರ ಸಹಿ ಯಾರು ಕೇಳ್ತಾರೆ? ಕಾಫಿ ಕುಡ್ಕೊಂಡು ಓಗು."

ಮಾರಕ್ಕ ಕಾಫಿ ಕುಡಿಯಲಿಲ್ಲ. ಬರುವಾಗ ದಾರಿಯಲ್ಲಿ ಒಂದು ನಾಟಿ ಕೋಳಿ ಬೇಕು ಅಂತ ಹೇಳಿ ಬಂದಳು.

ಅಮಾಸೆ ಬಂತು. ಮಟಮಟ ಮಧ್ಯಾಹ್ನ ಬುಟ್ಟಿ ಹೊತ್ತುಕೊಂಡು ಗೇಟ್ ದಾಟಿದಳು. ಸೊಪ್ಪಿನಮ್ಮ ಅಂತ ಯಾರೂ ತಡೆಯಲಿಲ್ಲ. ನಗೋ ಕಟ್ಟೆಯ ಮೇಲೆ ಬಾಳೆ ಎಲೆ ಹಾಸಿ ರಾಗಿ ಮುದ್ದೆ, ಕೋಳಿ ಸಾರು, ಬೇಯಿಸಿದ ಮೊಟ್ಟೆ, ಎಲೆ ಅಡಿಕೆ, ಒಂದು ಕಟ್ಟು ಬೀಡಿ ಇಟ್ಟಳು. ಪಕ್ಕದಲ್ಲಿ ಒಂದು ಕ್ವಾರ್ಟರ್, ಮುಚ್ಚಳ ಬಿಚ್ಚಿ. ಕದಿರಪ್ಪನಿಗೆ ಮುಚ್ಚಳ ಬಿಚ್ಚೋ ತಾಳ್ಮೆ ಇರಲಿಲ್ಲ. ನಿಂಬೆಹಣ್ಣು ಕುಯ್ದು ಕುಂಕುಮ ಹಚ್ಚಿದಳು. ಕರ್ಪೂರ ಹಚ್ಚಿದಳು. ದೂರ ಹೋಗಿ ಕೂತಳು. ಕಾಗೆ ಬಂದು ಮೊಟ್ಟೆ ಮುಟ್ಟಿತು. ಕೈ ಮುಗಿದು, "ಸಾರಿಗೆ ಉಪ್ಪು ಕಮ್ಮಿ ಆಗೈತೆ, ಹೊಂದಿಸ್ಕೊಳ್ಳಿ" ಅಂತ ಹೇಳಿ ಮನೆಗೆ ಹೋದಳು.

ಸಂಜೆ ವಾಕಿಂಗ್ ಬಂದವರು ಅದನ್ನ ನೋಡಿದರು.

ಎಂಥೆಂಥ ಓದಿದವರು ಇದ್ದರು ಆ ಲೇಔಟ್‌ನಲ್ಲಿ. ಡಾಕ್ಟರು ಇದ್ದರು, ರಾಕೆಟ್ ಬಿಡೋರೂ ಒಬ್ಬರಿದ್ದರು. ಎಲ್ಲರೂ ಒಂದೇ ಮಾತಾಡಿದರು. ಮಾಟ. ವಾಟ್ಸಾಪ್‌ನಲ್ಲಿ ನಿಂಬೆಹಣ್ಣಿನ ಫೋಟೋ ಮನೆಮನೆಗೂ ಹೋಯಿತು. ಒಬ್ಬರಿಗೆ ಆಗಲೇ ಎದೆ ಹಿಡಿದುಕೊಂಡಿತ್ತಂತೆ. ಇನ್ನೊಬ್ಬರ ನಾಯಿ ಊಟ ಬಿಟ್ಟಿತ್ತಂತೆ. ನಾಯಿ ಊಟ ಬಿಟ್ಟಿದ್ದು ನಿಜ. ಎಡೆಯ ಕೋಳಿ ಪೂರ್ತಿ ಅದೇ ತಿಂದಿತ್ತು.

ಮಾರನೇ ದಿನ ಯಾರೂ ನಗಲಿಲ್ಲ. ಲೇಔಟ್ ಸಂಘದ ಅಧ್ಯಕ್ಷ ರಾಮಕೃಷ್ಣಪ್ಪ, ರಿಟೈರ್ಡ್ ಇಂಜಿನಿಯರ್, ಮಾರಮ್ಮನ ಗುಡಿಯ ಪೂಜಾರಿ ಚಿಕ್ಕಹನುಮಯ್ಯನನ್ನ ಕಾರ್ ಕಳಿಸಿ ಕರೆಸಿದರು. ಕ್ಯಾಮೆರಾದಲ್ಲಿ ನೋಡಿ ಸೊಪ್ಪಿನಮ್ಮನೇ ಅಂತ ಗೊತ್ತಾಗಿ ಮಾರಕ್ಕನನ್ನೂ ಕರೆಸಿದರು.

ಚಿಕ್ಕಹನುಮಯ್ಯ ಆ ಊರಿನಲ್ಲೇ ಹುಟ್ಟಿ ಮುದುಕನಾದವನು. ಎಲೆ ನೋಡಿದ. ಬೀಡಿ ಕಟ್ಟು ನೋಡಿದ. ಮಾರಕ್ಕನ ಮುಖ ನೋಡಿದ. ಆಮೇಲೆ ಬೆಂಚ್ ಮೇಲೆ ಕೂತಿದ್ದ ಅಧ್ಯಕ್ಷರ ಕಡೆ ತಿರುಗಿದ.

"ಸಾಮಿ, ಒಸಿ ಎದ್ದೇಳ್ತೀರಾ?"

"ಯಾಕೆ?"

"ನೀವು ಕೂತಿರೋದು ಮುನಿಶಾಮಪ್ಪನೋರ ತಾತನ ಎದೆ ಮ್ಯಾಗೆ."

ರಾಮಕೃಷ್ಣಪ್ಪ ಎದ್ದ ರಭಸಕ್ಕೆ ಕನ್ನಡಕ ಹಾರಿತು. ಉಳಿದ ಬೆಂಚುಗಳಿಂದಲೂ ಜನ ಎದ್ದರು. ಆ ವಯಸ್ಸಿನಲ್ಲಿ ಅಷ್ಟು ಬೇಗ ಎದ್ದದ್ದು ಆರೋಗ್ಯಕ್ಕೆ ಒಳ್ಳೇದೇ ಆಗಿರಬೇಕು.

"ಏನಮ್ಮಾ, ಮಾಟ ಮಾಡ್ಸಿದ್ದು ನೀನೇನಾ?" ಅಂದರು ಅಧ್ಯಕ್ಷರು.

"ಉಣ್ಣೋಕೆ ಇಕ್ಕಿದ್ದು ಸಾರ್."

"ಯಾರಿಗೆ?"

"ನನ್ನ ಗಂಡಂಗೆ. ಮೂರು ವರ್ಷದಿಂದ ಅಲ್ಲೇ ಅವ್ರೆ. ನೀವು ದಿನಾ ಬೆಳಗ್ಗೆ ಮೇಲೆ ನಿಂತ್ಕೊಂಡು ನಗ್ತಿದ್ರಲ್ಲ, ಅವರಿಗೆ."

ಯಾರೋ ಒಬ್ಬರು ಅಯ್ಯೋ ಅಂದರು. ಅಧ್ಯಕ್ಷರು ಮುನಿಶಾಮಪ್ಪನಿಗೆ ಫೋನ್ ಮಾಡಿದರು. ಅವನು ಅಲ್ಲಿ ಏನೂ ಇಲ್ಲ, ಪೇಪರ್ ನೋಡಿ ಅಂತ ಹೇಳಿ ಇಟ್ಟುಬಿಟ್ಟ.

"ಹೋಗ್ಲಿ, ಶಿಫ್ಟ್ ಮಾಡ್ಬಿಡೋಣ," ಅಂದರು ಅಧ್ಯಕ್ಷರು. "ಖರ್ಚೆಲ್ಲಾ ನಮ್ದೇ. ಸ್ಮಶಾನಕ್ಕೆ ಮರ್ಯಾದೆಯಾಗಿ ಕಳಿಸ್ತೀವಿ."

ಚಿಕ್ಕಹನುಮಯ್ಯ ತಲೆ ಕೆರೆದುಕೊಂಡ. "ಎತ್ತಬೈದು. ಎತ್ತಿದ್ಮೇಲೆ ಆತ ಸ್ಮಶಾನಕ್ಕೇ ಓಗ್ತಾನೆ ಅಂತ ನಾನು ಮಾತು ಕೊಡಕ್ಕಾಗಲ್ಲ. ಇಲ್ಲಿಗೆ ಅತ್ತಿರದ ಮನೆ ಯಾರ್ದು?"

ಹತ್ತಿರದ ಮನೆ ಅಧ್ಯಕ್ಷರದ್ದು.

ಶಿಫ್ಟ್ ಮಾಡೋ ವಿಷಯ ಅಲ್ಲಿಗೆ ಮುಗಿಯಿತು.

ಮಾರಕ್ಕ ಕಲ್ಲು ಕೇಳಿದಳು.

"ಅದು ಆಂಟಿಕ್ ಪೀಸ್ ಕಣಮ್ಮಾ. ನೂರೈವತ್ತು ವರ್ಷ ಹಳೇದು ಅಂತ ಡಿಸೈನರ್ ಹೇಳಿದ್ದಾರೆ."

"ನನ್ನ ಮದುವೆಗೆ ಮಾಡಿಸಿದ್ದು ಸಾರ್. ನಾನು ಅಷ್ಟು ಹಳಬಳಾ?"

ಪಂಚಪ್ಪನೇ ಕಲ್ಲನ್ನ ಹೊತ್ತು ತಂದ. ಗುಲಾಬಿ ಎಸಳು ಅಂಟಿಕೊಂಡಿದ್ದವು. ಮಾರಕ್ಕ ಸೆರಗಿನಿಂದ ಒರೆಸಿದಳು. ಕಟ್ಟೆಯ ಸಿಮೆಂಟ್ ಒಡೆಸಿದ ಮೇಲೆ ಅದನ್ನ ಮೊದಲಿದ್ದ ಕಡೆಯೇ ಇಟ್ಟಳು. ಚಪ್ಪಡಿಗಳು ಮರದ ಕೆಳಗೆ ಮರಳಿದವು. ಪ್ರತಿಯೊಂದೂ ಯಾರದು ಅಂತ ಮಾರಕ್ಕ ಒಬ್ಬಳೇ ಹೇಳಬಲ್ಲವಳು, ಅವಳಿಗೂ ನಾಲ್ಕು ಮರೆತಿತ್ತು. ಅಂದಾಜಿನ ಮೇಲೆ ಇಡಿಸಿದಳು. ಸತ್ತವರು ಜಗಳ ಆಡಲಿಲ್ಲ. ಸುತ್ತ ಬೇಲಿ ಬಂತು. ಅಮಾಸೆಗೊಮ್ಮೆ ಎಡೆ ತಪ್ಪಬಾರದು ಅಂತ ಸಂಘದವರೇ ಕೈಮುಗಿದರು. ಒಳಗೆ ಬರೋಕೆ ಮಾರಕ್ಕನಿಗೆ ಕೊರಳಿಗೆ ಹಾಕೋ ಕಾರ್ಡ್ ಕೊಟ್ಟರು. ಕೆಲಸದವರು, ಡ್ರೈವರ್, ಇತರೆ ಅಂತ ಮೂರು ಕಾಲಂ ಇತ್ತು. ಹೆಂಡತಿ ಅಂತ ಕಾಲಂ ಇರಲಿಲ್ಲ. ಪಂಚಪ್ಪ ಇತರೆ ಅಂತ ಬರೆದ.

ಒಂದು ಮಾತು ಮಾತ್ರ ಇತ್ಯರ್ಥ ಆಗಲಿಲ್ಲ. ಮಾರಕ್ಕ ಅಧ್ಯಕ್ಷರನ್ನ ಕೇಳಿದಳು.

"ನಾನು ಸತ್ರೆ ಅವರ ಪಕ್ಕ ಇಡ್ಬೇಕು ಸಾರ್."

"ಅದು ಹಾಗೆಲ್ಲಾ ಆಗಲ್ಲಮ್ಮಾ. ಪರ್ಮಿಶನ್ ಬೇಕು. ಮೀಟಿಂಗ್‌ನಲ್ಲಿ ಇಡ್ತೀವಿ."

"ಇಡಿ. ಅಷ್ಟರಲ್ಲಿ ನಾನು ಸತ್ರೆ ನನ್ನನ್ನೂ ಮೀಟಿಂಗ್‌ನಲ್ಲೇ ಇಟ್ಕೊಂಡಿರಿ."

ಮೂರು ಮೀಟಿಂಗ್ ಆದವು. ಮೊದಲನೆಯದರಲ್ಲಿ ಜನ ಸಾಲಲಿಲ್ಲ. ಎರಡನೆಯದು ನೀರಿನ ಟ್ಯಾಂಕರ್ ಜಗಳದಲ್ಲಿ ಮುಗಿಯಿತು. ಮೂರನೆಯದರಲ್ಲಿ, ನಿಯಮದಲ್ಲಿ ಮನೆ ಮಾಲೀಕರಿಗೇ ಅವಕಾಶ ಇಲ್ಲ, ಸೊಪ್ಪು ಮಾರೋರಿಗೆ ಹೇಗೆ ಅಂತ ಒಬ್ಬರು ಎದ್ದರು. ನಾಲ್ಕನೆಯದಕ್ಕೆ ಮುಂದೂಡಿದರು.

ಅಷ್ಟರಲ್ಲಿ ಮುನಿಶಾಮಪ್ಪನ ಮೊಮ್ಮಗಳ ಮದುವೆ ಎರಡು ಸಲ ತಪ್ಪಿತು. ಜೋಯಿಸರು ಹಿರೀಕರ ಶಾಪ ಅಂದರು. ಒಂದು ಅಮಾಸೆ ಅವನು ಕ್ಯಾರಿಯರ್ ಹಿಡಿದು ಲೇಔಟ್ ಗೇಟಿನ ಹೊರಗೆ ಕಾರಲ್ಲಿ ಕೂತಿದ್ದ. ಇಳಿಯೋ ಹಂಗಿಲ್ಲ. ಇಳಿದು ಎಡೆ ಇಟ್ಟರೆ ಬರೆದು ಕೊಟ್ಟಿದ್ದು ಸುಳ್ಳು ಅಂತ ಕ್ಯಾಮೆರಾದಲ್ಲಿ ಬೀಳುತ್ತೆ.

"ಮಾರಕ್ಕ, ಇದನ್ನ ಅಪ್ಪಂಗೆ ಇಕ್ಕಿ ಬಾ."

"ಅಪ್ಪ ಗೋಡೆ ಮೇಲೆ ಅವ್ರಲ್ಲ ಭಾವ."

"ತಮಾಸೆ ಬೇಡ. ನನಗೂ ವಯಸ್ಸಾಯ್ತು. ಅಲ್ಲಿ ಇನ್ನೂ ಒಂದು ಜಾಗ ಐತಾ?"

ಮಾರಕ್ಕ ಅವನನ್ನ ನೋಡಿದಳು. ಮೊದಲ ಸಲ ಪಾಪ ಅನ್ನಿಸಿತು. ಆದರೂ ಅಂದಳು, "ಅಲ್ಲಿ ಏನೂ ಇಲ್ಲ ಭಾವ. ಸ್ಟಾಂಪ್ ಪೇಪರ್‌ನಾಗೆ ಬರ್ದೈತೆ." ಕ್ಯಾರಿಯರ್ ಮಾತ್ರ ಇಸ್ಕೊಂಡಳು. ಮಾವ ಮಾಡಿದ ತಪ್ಪೇನೂ ಇರಲಿಲ್ಲ.

ಆದರೆ ಅವನ ಮಾತು ತಲೆಯಲ್ಲಿ ಕೊರೆಯಿತು. ಜಾಗ ಕೇಳೋರು ಶುರುವಾದರು. ಮೀಟಿಂಗ್ ನಂಬಿ ಕೂತರೆ ಆಗಲ್ಲ.

ಮಾರನೇ ದಿನ ಬೆಳಗ್ಗೆ ಬಾಗಿಲ ಹಿಂದಿನ ಮೇಲ್ಗಲ್ಲನ್ನ ಸೊಪ್ಪಿನ ಬುಟ್ಟಿಯಲ್ಲಿ ಹಾಕಿ, ಮೇಲೆ ನಾಲ್ಕು ಕಟ್ಟು ದಂಟು ಮುಚ್ಚಿ, ತಲೆ ಮೇಲೆ ಹೊತ್ತುಕೊಂಡು ಹೊರಟಳು. ಕತ್ತು ಇಳಿದು ಹೋಗೋ ಭಾರ. ಗೇಟಲ್ಲಿ ಪಂಚಪ್ಪ ಬುಟ್ಟಿ ನೋಡಿದ, ಅವಳ ಕಾಲು ನಡುಗೋದು ನೋಡಿದ. ಕಾರ್ಡ್ ತೋರಿಸು ಅನ್ನಲಿಲ್ಲ. ಬುಟ್ಟಿಗೆ ಒಂದು ಕಡೆ ಕೈ ಕೊಟ್ಟ.

ಕೆಳಗಲ್ಲಿನ ಪಕ್ಕ, ಎರಡು ಗೇಣು ಬಿಟ್ಟು, ಮೇಲ್ಗಲ್ಲು ಇಟ್ಟಳು. ಬಸ್ಸು ನಿಲ್ಲೋಕೆ ಮೊದಲೇ ಕಿಟಕಿಯಿಂದ ಟವೆಲ್ ಹಾಕಿ ಸೀಟ್ ಹಿಡಿಯಲ್ವಾ, ಹಂಗೆ. ಟವೆಲ್ ಹಾಕಿದ ಸೀಟಲ್ಲಿ ಇನ್ನೊಬ್ಬರು ಕೂತದ್ದನ್ನ ಮಾರಕ್ಕ ಕಂಡಿರಲಿಲ್ಲ.

"ಇದೇನ್ ಯವ್ವಾ?" ಅಂದ ಪಂಚಪ್ಪ. "ಅಧ್ಯಕ್ಷರು ಕೇಳಿದ್ರ ಏನಂತ ಹೇಳ್ಲಿ?"

"ಇತರೆ ಅಂತ ಬರ್ಕೋ," ಅಂದಳು ಮಾರಕ್ಕ.

ತಡವಾದರೆ ದಂಟು ಬಾಡಿಹೋಗುತ್ತೆ ಅಂತ ಗೇಟಿನ ಮುಂದೆ ಹೋಗಿ ಕೂತಳು.