ತಿರಕಪ್ಪಣ್ಣನ ಎಂಟನೇ ಹಾಡು

ರಾಣೇಬೆನ್ನೂರಿನ ಬೀಜದ ಅಂಗಡಿಯಲ್ಲಿ ಕೆಲಸ ಮಾಡುವ ತಿರಕಪ್ಪಣ್ಣ ನಮ್ಮ ಮದುವೆ ಆರ್ಕೆಸ್ಟ್ರಾದ ಹಾಡುಗಾರ. ಒಂದು ಮದುವೆಯಲ್ಲಿ ಹಾಡುವ ಹುಡುಗಿ ಬರಲಿಲ್ಲವೆಂದು ತಮ್ಮ ಹದಿನಾಲ್ಕನೇ ವಯಸ್ಸಿನಲ್ಲಿ ಅವರೇ ಹೆಣ್ಣುದನಿ ತೆಗೆದು ಹಾಡಿದರು. ಮೂವತ್ತೊಂದಾದರೂ ಅದರಿಂದ ಹೊರಗೆ ಬರಲಾಗಿರಲಿಲ್ಲ. ಮೆಕ್ಕೆಜೋಳದ ಬೀಜಕ್ಕೆ ಬಂದ ರೈತರೂ ಚೀಲ ಕೆಳಗಿಟ್ಟು, "ಒಂದ್ ನುಡಿ ಹೇಳಪಾ, ಹೆಣ್ಣ್ ಧ್ವನ್ಯಾಗ" ಅನ್ನುತ್ತಿದ್ದರು. ತಿರಕಪ್ಪಣ್ಣ ಹಿಂಜರಿದರೆ ಅಂಗಡಿಯ ಮಾಲೀಕರೇ "ಹಾಡು" ಅನ್ನುತ್ತಿದ್ದರು.

2007ರಲ್ಲಿ ನಮ್ಮ ಗಿಟಾರಿನ ರುದ್ರಮುನಿ ಹುಬ್ಬಳ್ಳಿಯಿಂದ ಡಿಸ್ಟಾರ್ಷನ್ ಪೆಡಲ್ ತಂದ, ಅದನ್ನು ತುಳಿದ ಕೂಡಲೇ ಗಿಟಾರು ಏರು ಹತ್ತುವ ಲಾರಿಯ ಹಾಗೆ ಗುರುಗುಟ್ಟಿತು, ಇನ್ನು ಹಳೆ ಸೌಂಡ್ ಸಾಕು, ಹಾರ್ಡ್ ರಾಕ್ ಆಲ್ಬಮ್ಮೇ ಮಾಡೋಣ ಎಂದು ಅವತ್ತೇ ತೀರ್ಮಾನವಾಯಿತು. ಬಾಸ್ ಗಿಟಾರ್ ನನ್ನದು. ಹಾವೇರಿಯ ಕಾಲೇಜಿನಲ್ಲಿ ಕೂತರೂ ಕಿವಿಯಲ್ಲಿ ಅದೇ ಗುರುಗುರು.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಖಾಲಿಯಾಗಿದ್ದ ಒಂದು ಕೋಲ್ಡ್ ಸ್ಟೋರೇಜ್ ಕೋಣೆ ರೆಕಾರ್ಡಿಂಗಿಗೆ ಸಿಕ್ಕಿತು. ಗೋಡೆ ಎಷ್ಟು ದಪ್ಪವೆಂದರೆ ಹೊರಗಿನ ಹಾರನ್ ಕೇಳದು. ಕಿಟಕಿಯಿಲ್ಲ. ಉಳಿದ ಘಾಟಿಗೆ ಎಲ್ಲರೂ ಸೀನಿದೆವು.

"ಈ ಸಲ ನನ್ ಧ್ವನ್ಯಾಗ ಹಾಡ್ತೇನಿ," ಅಂದರು ತಿರಕಪ್ಪಣ್ಣ.

"ನಿಂದಂದ್ರ ಯಾವ್ದೋ ತಿರಕಾ?" ರುದ್ರಮುನಿ ತಂತಿ ಬಿಗಿಯುತ್ತಲೇ ಕೇಳಿದ.

"ಅಂಗಡ್ಯಾಗ ಬೀಜದ ರೇಟ್ ಹೇಳ್ತೇನಲ್ಲ, ಅದು."

"ಅದನ್ನ ಕೇಳಾಕ ಸೀಡಿ ಯಾಕ ತಗೋತಾರ? ಅಂಗಡಿಗೇ ಬರ್ತಾರ."

ನಕ್ಕೆವು. ಆ ಗಿಟಾರಿಗೆ ಹೆಣ್ಣುದನಿ ಸೇರಿದರೆ ಮೈ ಜುಮ್ಮೆನ್ನುತ್ತಿತ್ತು, ಅದೂ ಖರೆ. ಯಾವ ದನಿ ಬೇಕೆಂದು ಕೈ ಎತ್ತಿಸಿದಾಗ ನಾನೂ ಹೆಣ್ಣುದನಿಗೇ ಎತ್ತಿದೆ. ಏಳು ಹಾಡನ್ನು ಅವರು ಹಾಗೇ ಹಾಡಿಕೊಟ್ಟರು. ಎಂಟನೆಯದನ್ನು ಮಾತ್ರ ಅವರ ಸ್ವಂತ ದನಿಗೆ ಬಿಟ್ಟೆವು. ಒರಟು ದನಿ, ಮೇಲಿನ ಸ್ವರದಲ್ಲಿ ಒಡಕು. ರುದ್ರಮುನಿ ಅದನ್ನು ಸೀಡಿಯ ಕೊನೆಯಲ್ಲಿ ಹಾಕಿದ. ಮನೆಯಲ್ಲಿ ಅವರ ತಾಯಿ ಮುತ್ತವ್ವ ಅದನ್ನು ಕೇಳಿ, "ಇವ ಯಾರಪಾ ಹೊಸಬಾ? ನೀ ಹಾಡಿಲ್ಲೇನು?" ಅಂದರಂತೆ.

ಹೊಸ ಹಾಡುಗಳ ಮೊದಲ ಕಾರ್ಯಕ್ರಮ ಮೇಡ್ಲೇರಿಯ ಮದುವೆಯಲ್ಲಿ. ತಿರಕಪ್ಪಣ್ಣ ನಮಗೆ ಯಾರಿಗೂ ಹೇಳದೆ ಆ ಎಂಟನೆಯದನ್ನೇ ಎತ್ತಿಕೊಂಡರು. ಎರಡು ಸಾಲು ಮುಗಿದಿರಲಿಲ್ಲ.

"ಮೈಕ್ ಕೆಟ್ಟೈತ್ರಿ, ಬದ್ಲಿ ಮಾಡ್ರಿ," ಬೀಗರ ಸಾಲಿನಿಂದ ಯಾರೋ ಕೂಗಿದರು.

ಸೌಂಡಿನ ಶಮಶೇರಸಾಬರು ಓಡಿ ಬಂದು ಬೇರೆ ಮೈಕ್ ಕೊಟ್ಟರು. ಅದೇ ದನಿ.

"ಇದೂ ಗೊರಗೊರ ಅಂತೈತಿ," ಮತ್ತೆ ಬೀಗರ ಕಡೆಯಿಂದಲೇ ಕೂಗು.

ಮೂರನೆಯದು ಬಂತು. ತಿರಕಪ್ಪಣ್ಣ ಹಾಡನ್ನು ಮತ್ತೆ ಮೊದಲಿನಿಂದ ಶುರು ಮಾಡಿದರು.

"ಇನ್ನ ಮೈಕ್ ಇಲ್ಲಪಾ ತಿರಕಪ್ಪಾ," ಶಮಶೇರಸಾಬರು ಕಿವಿಯ ಹತ್ತಿರ ಬಂದರು. "ಆ ಹೆಣ್ಣ್ ಧ್ವನಿ ತಗದ ಬಿಡು. ಲಗೂ ಮುಗಸೂಣು."

"ಮೈಕ್ ಛಲೋ ಐತಿ ಚಾಚಾ. ಇದು ನಂದ ಧ್ವನಿ."

ಶಮಶೇರಸಾಬರು ಅವರ ಮುಖವನ್ನೇ ನೋಡಿದರು, ಆಮೇಲೆ ತಮ್ಮ ಪೆಟ್ಟಿಗೆಯ ಹತ್ತಿರ ಹೋಗಿ ಸದ್ದು ಇನ್ನಷ್ಟು ಏರಿಸಿದರು. ಜನ ಊಟಕ್ಕೆ ಎದ್ದರು. ರುದ್ರಮುನಿ ಪೆಡಲಿನಿಂದ ಕಾಲು ತೆಗೆದಿದ್ದ, ನನ್ನ ಬಾಸ್ ಮಾತ್ರ ನಡೆಯುತ್ತಿತ್ತು. ಪಂಕ್ತಿಯ ಕಡೆಯಿಂದ "ಹೆಣ್ಣ್ ಧ್ವನೀದು ಯಾವಾಗ್ರಿ?" ಎಂಬ ಕೂಗು ಬರುತ್ತಲೇ ಇತ್ತು. ತಿರಕಪ್ಪಣ್ಣ ಕಣ್ಣು ಮುಚ್ಚಿ, ಖಾಲಿ ಕುರ್ಚಿಗಳಿಗೆ ಹಾಡಿನ ಎರಡನೇ ನುಡಿ ಹೇಳಿದರು.